ಎಲುಬಿಗೆ ಬಣ್ಣ ಹಾಕುವ ಸಕ್ರಪ್ಪ

ಗದಗಿನ ಸ್ಟೇಶನ್ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಇನ್ನೂ ಕತ್ತಲು. ಹಾಲಿನ ಅಂಗಡಿಯ ಬಾಗಿಲು ಅರ್ಧ ಮಾತ್ರ ಮೇಲೆದ್ದಿದೆ. ಮಹಡಿಯ ಮೇಲಿನ ಒಂದು ಕಿಟಕಿಗೆ ಮಾತ್ರ ದೀಪ ಹತ್ತಿದೆ. ಅದರ ಹಿಂದೆ ಸಕ್ರಪ್ಪ ಸ್ಟೂಲಿನ ಮೇಲೆ ಬೆನ್ನು ಬಾಗಿಸಿ ಕೂತಿದ್ದಾರೆ. ಎಡಗೈಯಲ್ಲಿ ಸಣ್ಣ ಕುಂಚ, ಬಲಗೈ ಯಂತ್ರದ ಹಿಡಿಯ ಮೇಲೆ. ಹಿಡಿ ಒಂದು ಸುತ್ತು ತಿರುಗಿದರೆ ಮೇಣದ ಗಟ್ಟಿ ಬ್ಲೇಡಿನ ಮೇಲೆ ಒಮ್ಮೆ ಇಳಿದು ಏಳುತ್ತದೆ, ಉಳ್ಳಾಗಡ್ಡಿಯ ಒಳಪದರಕ್ಕಿಂತ ತೆಳ್ಳಗಿನ ಒಂದು ಪಟ್ಟಿ ಹೊರಗೆ ಬರುತ್ತದೆ. ಅದರ ಬೆನ್ನಿಗೆ ಇನ್ನೊಂದು. ಮತ್ತೊಂದು. ಎಲ್ಲ ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನಂತೆ ಇಳಿಯುತ್ತವೆ.

ಹತ್ತಿರ ಬಗ್ಗಿ ನೋಡಲು ಹೋದೆ. "ಸರ, ಜರಾ ದೂರ ಉಸುರು ಬಿಡ್ರಿ. ಹಾರಿ ಹೊಕ್ಕೈತಿ," ಎಂದರು.

ಪಟ್ಟಿಯನ್ನು ಕುಂಚದ ತುದಿಯಿಂದ ಎತ್ತಿ ಉಗುರುಬೆಚ್ಚಗಿನ ನೀರಿನ ಮೇಲೆ ತೇಲಿಬಿಡುತ್ತಾರೆ. ಸುಕ್ಕು ತಾನಾಗಿ ಬಿಡಿಸಿಕೊಳ್ಳುತ್ತದೆ. ಕೆಳಗಿನಿಂದ ಗಾಜಿನ ಚಿಕ್ಕ ಫಲಕ ತೂರಿಸಿ, ನೀರಿನಿಂದ ಮೀನು ಎತ್ತಿದಂತೆ ಎತ್ತುತ್ತಾರೆ. ಮೇಣದ ನಡುವೆ ಹುರುಳಿಕಾಳಿನಷ್ಟು ದೊಡ್ಡ ಬಿಳಿ ಕಲೆ. ಅದು ಎಲುಬು, ಎಲುಬಿನೊಳಗೆ ಒಂದು ಹಲ್ಲು.

"ಬಿಸಲ ಏರಿತಂದ್ರ ಮೇಣ ಮೆತ್ತಗಾಕ್ಕೈತ್ರಿ, ಪಟ್ಟಿ ಮುದ್ದಿ ಆಗಿ ಬೀಳ್ತೈತಿ. ಅದಕ್ಕ ನಾ ಹೊತ್ತು ಹುಟ್ಟೂಕಿಂತ ಮೊದಲ ಬರೂದು. ಮ್ಯಾಲ ಬರ್ಫ ಬ್ಯಾರೆ ಇಡ್ತೀನಿ. ನಮ್ಮ ಗದಗಿನ ಬಿಸಲ ನಿಮಗ ಗೊತ್ತೈತಲ್ಲ."

ಸಕ್ರಪ್ಪನಿಗೆ ಐವತ್ತನಾಲ್ಕು. ಊರು ಬೆಟಗೇರಿ. ಕೆಲಸ, ಈ ಖಾಸಗಿ ಪ್ರಯೋಗಾಲಯದಲ್ಲಿ ದೇಹದ ಚೂರುಗಳನ್ನು ಮೇಣದಲ್ಲಿ ಹುದುಗಿಸಿ, ಕೊಯ್ದು, ಸೂಕ್ಷ್ಮದರ್ಶಕಕ್ಕೆ ಸಿದ್ಧ ಮಾಡುವುದು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ದವಾಖಾನೆಗಳಿಂದ ಬಾಟಲಿಗಳು ಬರುತ್ತವೆ: ಗಂಟಿನ ತುಣುಕು, ಚರ್ಮದ ತುಣುಕು, ಒಸಡಿನದು. ದಿನಕ್ಕೆ ಮೂವತ್ತು ನಲವತ್ತು ಗಾಜು ಇವರ ಕೈದಾಟುತ್ತವೆ. ಇವರು ಕೊಯ್ದು ಬಣ್ಣ ಹಾಕಿದ ಮೇಲೆಯೇ ವೈದ್ಯರು ನೋಡಿ ಇಂಥ ರೋಗ ಎಂದು ಬರೆಯುವುದು. ವರದಿಯ ಕೆಳಗೆ ವೈದ್ಯರ ಸಹಿ ಇರುತ್ತದೆ. ಸಕ್ರಪ್ಪನ ಗುರುತು ಎಲ್ಲೂ ಇಲ್ಲ, ಅವರ ಬೆರಳುಗಳ ಮೇಲಿನ ನೇರಳೆ ಕಲೆಯನ್ನು ಬಿಟ್ಟರೆ.

ಆ ಕಲೆ ನೋಡಿ ಓಣಿಯ ಹಳಬರು ಈಗಲೂ, "ಏನೋ ಸಕ್ರಾ, ನಿಮ್ಮಪ್ಪನ ಹಂಡೆ ಮತ್ತ ಹಚ್ಚೀ ಏನು?" ಎಂದು ಕೇಳುತ್ತಾರೆ. ತಂದೆ ಹುಲಗಪ್ಪ ಬೆಟಗೇರಿಯ ಮಗ್ಗಗಳಿಗೆ ನೂಲು ಬಣ್ಣ ಹಾಕಿ ಕೊಡುತ್ತಿದ್ದವರು. ಬಣ್ಣ ಹಾಕಿದ ನೂಲೇ ಗಿರಣಿಯಿಂದ ಬರತೊಡಗಿದ ಮೇಲೆ ಹಂಡೆಗಳು ಹಿತ್ತಲಿಗೆ ಹೋದವು. ಹತ್ತೊಂಬತ್ತರ ಸಕ್ರಪ್ಪ ಈ ಪ್ರಯೋಗಾಲಯಕ್ಕೆ ಗಾಜು ತೊಳೆಯಲು ಸೇರಿದರು. ಬಣ್ಣ ಹಾಕುವವರು ಕೆಲಸ ಬಿಟ್ಟುಹೋದಾಗ ಪ್ರಯೋಗಾಲಯದ ಯಜಮಾನರಾದ ಡಾಕ್ಟರ್ ರಾಮಚಂದ್ರ ಇವರನ್ನೇ ಕರೆದು ಕೂರಿಸಿದರು.

"ಮೊದಲನೇ ದಿನ ಏನು ಮಾಡಿದಾ ಗೊತ್ತದ ಏನ್ರಿ?" ಎಂದು ಈಗ ಎಂಬತ್ತರ ಹತ್ತಿರವಿರುವ ರಾಮಚಂದ್ರ ನಗುತ್ತಾರೆ. "ನೂಲಿಗೆ ಹಾಕಿದಂಗ ಹಾಕಿಬಿಟ್ಟ. ರೋಗಿಯ ಚರ್ಮ ಇಳಕಲ್ ಸೀರಿ ಆಗಿತ್ತು! ನಾ ಬೈಲಿಲ್ಲ. ಇಷ್ಟು ಪ್ರೀತಿಲೆ ಬಣ್ಣ ಹಾಕವಾ ಇನ್ನೊಬ್ಬ ಸಿಗೂದಿಲ್ಲ ಅನಿಸ್ತು."

ಎಲ್ಲಕ್ಕಿಂತ ತಾಳ್ಮೆ ಬೇಡುವುದು ಎಲುಬು. ಅದನ್ನು ಹಾಗೆಯೇ ಕೊಯ್ಯಲು ಹೋದರೆ ಬ್ಲೇಡು ಮೊಂಡಾಗುತ್ತದೆ. ಮೊದಲು ಒಂದು ದ್ರಾವಣದಲ್ಲಿ ಮುಳುಗಿಸಿಟ್ಟು ಅದರೊಳಗಿನ ಸುಣ್ಣ ಇಳಿಸಬೇಕು. ತಿಂಗಳಾದರೂ ಆದೀತು, ಎರಡಾದರೂ ಆದೀತು. ಕಟುವಾದ ಆಮ್ಲ ಹಾಕಿದರೆ ಜಲ್ದಿ ಆಗುತ್ತದೆ, ಆದರೆ ಒಳಗಿನ ಜೀವಕೋಶಗಳ ಗುರುತು ಅಳಿಸಿಹೋಗುತ್ತದೆ. ಸುಣ್ಣ ಇಳಿದ ಎಲುಬು ನೆನೆದ ಚಕ್ಕುಲಿಯಂತೆ ಬಾಗುತ್ತದೆ. ಸಕ್ರಪ್ಪ ಒಂದನ್ನು ಚಿಮಟದಲ್ಲಿ ಹಿಡಿದು ಬಾಗಿಸಿ ತೋರಿಸುತ್ತಾರೆ.

ಈ ಎಲುಬುಗಳನ್ನು ಇಲ್ಲಿಗೆ ತಂದವರು ಡಾಕ್ಟರ್ ಶ್ರೀಲಕ್ಷ್ಮೀ. ಗದಗಿನಲ್ಲಿ ವಕ್ರ ಹಲ್ಲುಗಳಿಗೆ ತಂತಿ ಹಾಕುವ ತಜ್ಞೆ. ಜೊತೆಗೆ ಬೇರೆ ಊರಿನ ಕಾಲೇಜೊಂದರಲ್ಲಿ, ತಂತಿಯ ಒತ್ತಡಕ್ಕೆ ಹಲ್ಲು ಸರಿಯುವಾಗ ದವಡೆಯೊಳಗೆ ಏನಾಗುತ್ತದೆ ಎಂಬ ಸಂಶೋಧನೆ. ಅಲ್ಲಿ ಇಲಿಗಳ ಹಲ್ಲಿಗೆ ಸಣ್ಣ ಸ್ಪ್ರಿಂಗ್ ಕಟ್ಟಿ ನೋಡುತ್ತಾರೆ. ಆ ಇಲಿಗಳ ದವಡೆಗಳೇ ಸಕ್ರಪ್ಪನ ಕೈಗೆ ಬರುವುದು.

ಹಲ್ಲು ಎಲುಬಿನಲ್ಲಿ ಮೊಳೆಯಂತೆ ಹೂತಿಲ್ಲ. ಎರಡರ ನಡುವೆ ನವಿರಾದ ನಾರುಗಳ ಪದರವಿದೆ, ಅದರಲ್ಲಿ ರಕ್ತ ಓಡುತ್ತದೆ. ತಂತಿ ಒತ್ತಿದಾಗ ಆ ಪದರ ಒಂದು ಕಡೆ ಹಿಸುಕಿಕೊಳ್ಳುತ್ತದೆ, ಇನ್ನೊಂದು ಕಡೆ ಜಗ್ಗಿಕೊಳ್ಳುತ್ತದೆ. ಹಿಸುಕಿದ ಕಡೆ ಸಣ್ಣ ಉರಿಯೂತ ಶುರುವಾಗುತ್ತದೆ. ಪೆಟ್ಟಾದಾಗ ಮೈ ಕೆಂಪಾಗಿ ಬಾವು ಬರುತ್ತದಲ್ಲ, ಅದೇ, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣದು. ಅದರ ಕರೆಗೆ ಎಲುಬು ತಿನ್ನುವ ಕೋಶಗಳು ಬಂದು ಹಲ್ಲಿನ ಮುಂದಿನ ಎಲುಬನ್ನು ಕರಗಿಸುತ್ತವೆ. ಜಗ್ಗಿದ ಕಡೆ ಎಲುಬು ಕಟ್ಟುವ ಕೋಶಗಳು ಹೊಸ ಎಲುಬು ಹಾಕುತ್ತವೆ. ಹಲ್ಲು ಕೂದಲೆಳೆಯಷ್ಟು ಕೂದಲೆಳೆಯಷ್ಟು ಮುಂದೆ ಹೋಗುತ್ತದೆ.

ಸಕ್ರಪ್ಪ ಇದನ್ನು ತಮ್ಮ ಮಾತಿನಲ್ಲಿ ಹೇಳುತ್ತಾರೆ. "ತಂತಿ ಹಲ್ಲನ್ನ ಎಳೀತೈತಿ ಅಂತ ನಾ ತಿಳ್ಕೊಂಡಿದ್ದೆ. ಹಂಗಲ್ರಿ. ತಂತಿ ಬರೇ ಖಬರ ಕೊಡ್ತೈತಿ. ಕೆಲಸ ಮಾಡೋರು ಎಲುಬಿನ್ಯಾಗ ಅದಾರ."

ಎಲುಬು ತಿನ್ನುವ ಕೋಶಗಳಿಗೆ ಮಾತ್ರ ಹತ್ತುವ ಕೆಂಪು ಬಣ್ಣವೊಂದಿದೆ. ಅದನ್ನು ಹದವಾಗಿ ಕೂರಿಸಲು ಶ್ರೀಲಕ್ಷ್ಮೀ ಮತ್ತು ಸಕ್ರಪ್ಪ ಒಂದು ಬೇಸಿಗೆಯಿಡೀ ಒದ್ದಾಡಿದ್ದಾರೆ. ಕೊನೆಗೆ ಬಂತು. ಆಮೇಲೆ ಒಂದು ಕಂತಿನ ದವಡೆಗಳಲ್ಲಿ ಕೆಂಪು ಬಹಳ ಕಡಿಮೆ ಕಂಡಾಗ ಸಕ್ರಪ್ಪನಿಗೆ ಊಟ ಸೇರಲಿಲ್ಲ. ಬಣ್ಣ ಕೆಟ್ಟಿತೆಂದು ಹೊಸದು ಕಲಸಿ ಮತ್ತೆ ಹಾಕಿದರು. ಅಷ್ಟೇ ಬಂತು. ಹೆದರುತ್ತಲೇ ಗಾಜುಗಳನ್ನು ಒಪ್ಪಿಸಿದರೆ ಶ್ರೀಲಕ್ಷ್ಮೀ ಖುಷಿಯಿಂದ ಕೈತಟ್ಟಿಬಿಟ್ಟರು. ಉರಿಯೂತ ಇಳಿಸುವ ನೋವಿನ ಔಷಧಿಯನ್ನು ದಿನಾ ಕುಡಿಸಿದ ಇಲಿಗಳು ಅವು. ಕೋಶಗಳು ಕಡಿಮೆ ಬಂದಿದ್ದವು, ಹಲ್ಲೂ ಕಡಿಮೆ ಸರಿದಿತ್ತು. ಬಣ್ಣ ಸರಿಯಾಗಿಯೇ ಇತ್ತು.

ಇಷ್ಟೆಲ್ಲ ನೋಡಿದ ಸಕ್ರಪ್ಪನಿಗೆ ಹಲ್ಲು ಸರಿದ ಒಬ್ಬ ಮನುಷ್ಯನೂ ಗೊತ್ತಿರಲಿಲ್ಲ. ಆ ಕೊರತೆ ನೀಗಿಸಿದವರು ಅವರ ಹೆಂಡತಿ ಮಂಜವ್ವ.

ಮಂಜವ್ವ ಸೊರಟೂರಿನ ಮಗಳು, ಈಗ ನಲವತ್ತೇಳು. ಬೆಟಗೇರಿಯ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಜೋರು ದನಿ, ಜೋರು ನಗು. ಆದರೆ ಮೇಲಿನ ಹಲ್ಲು ಮುಂದೆ ಉಬ್ಬಿದ್ದರಿಂದ ನಗು ಬಂದಾಗಲೆಲ್ಲ ಕೈ ಬಾಯಿಗೆ ಹೋಗುತ್ತಿತ್ತು. ಅಂದಚೆಂದದ ಮಾತು ಹಾಗಿರಲಿ, ಕೆಳಗಿನ ಹಲ್ಲುಗಳು ಅಂಗುಳಕ್ಕೆ ತಾಗಿ ಹುಣ್ಣಾಗುತ್ತಿತ್ತು. ಖಾರದ ಊಟವೆಂದರೆ ಕಣ್ಣಲ್ಲಿ ನೀರು. ಹೀಗೆಯೇ ವರ್ಷಗಳು ಕಳೆದಿದ್ದವು.

ಒಂದು ಮಧ್ಯಾಹ್ನ ಗಾಜುಗಳನ್ನು ಒಯ್ಯಲು ಬಂದ ಶ್ರೀಲಕ್ಷ್ಮೀಯವರನ್ನು ಸಕ್ರಪ್ಪ ಅಳುಕುತ್ತಲೇ ಕೇಳಿದರು. "ಮೇಡಮ್ಮಾರ, ಇವು ಎಲ್ಲಾ ಎಳೇ ಇಲಿ ಅದಾವು. ವಯಸ್ಸಾದವರ ಎಲುಬಿನ್ಯಾಗೂ ಈ ಮಂದಿ ಕೆಲಸಕ್ಕ ಬರ್ತಾರೇನ್ರಿ?"

"ಬರ್ತಾರ ಕಾಕಾ. ಸ್ವಲ್ಪ ತಡಾ ಮಾಡಿ ಬರ್ತಾರ ಅಷ್ಟ. ಒಸಡು ಗಟ್ಟಿ ಇರಬೇಕು. ಯಾಕ ಕೇಳ್ತೀರಿ?"

"ನಮ್ಮ ಮನ್ಯಾಗ ಒಬ್ಬಾಕಿ ಅದಾಳ್ರಿ."

ಮನೆಯಲ್ಲಿ ಆ ಒಬ್ಬಾಕೆಗೆ ತಂತಿ ಹಾಕಿಸೋಣವೆಂದು ಹೇಳಿದಾಗ ಸೌಟು ಕೆಳಗೆ ಬಿತ್ತು. "ನಾ ಏನು ಮದುವಿ ಆಗಾಕಿ ಏನು ಈಗ? ಸಾಲಿ ಹುಡುಗೂರು ಹಾಕ್ಕೊಳ್ಳೂದು ಅದು! ಮಂದಿ ಏನಂದಾರು?"

"ಮಂದಿ ಬಾಯಾಗ ಹುಣ್ಣ ಆಗೂದಿಲ್ಲ, ನಿನ್ನ ಬಾಯಾಗ ಆಕ್ಕೈತಿ," ಎಂದರು ಸಕ್ರಪ್ಪ.

ಒಪ್ಪಿಸಲು ಒಂದು ದೀಪಾವಳಿ ಕಳೆದು ಸಂಕ್ರಾಂತಿ ಬರಬೇಕಾಯಿತು. ಶ್ರೀಲಕ್ಷ್ಮೀ ಮಂಜವ್ವನ ಬಾಯಿ ನೋಡಿ, ಒಸಡನ್ನು ಸ್ವಚ್ಛ ಮಾಡಿಸಿ, ಎರಡು ಹಲ್ಲು ತೆಗೆಸಿ ಜಾಗ ಮಾಡಿ, ತಂತಿ ಹಾಕಿದರು.

ಮೊದಲ ವಾರ ಮಂಜವ್ವ ಗಂಡನ ಜೊತೆ ಮಾತು ಬಿಟ್ಟರು. ರೊಟ್ಟಿ ಅಗಿಯಲು ಆಗದು. ಸಾರಿನಲ್ಲಿ ನೆನೆಸಿ ನುಂಗಬೇಕು. ನುಚ್ಚು ಮಜ್ಜಿಗೆಯೇ ಗತಿ. ಹಲ್ಲು ಹಲ್ಲಿಗೆ ತಾಗಿದರೆ ನೆತ್ತಿಯವರೆಗೆ ಜುಂ. ಲಕ್ಷ್ಮೇಶ್ವರದಲ್ಲಿರುವ ತಂಗಿ ಮಮತಾ ಬಂದು ನೋಡಿ ಹೌಹಾರಿದರು. ತಮ್ಮ ಮೊಣಕಾಲು ನೋವಿಗೆಂದು ಡಾಕ್ಟರು ಕೊಟ್ಟಿದ್ದ ಗುಳಿಗೆಯ ಪಟ್ಟಿಯನ್ನು ಅಕ್ಕನ ಕೈಯಲ್ಲಿಟ್ಟರು. "ನನ್ನ ಮೊಣಕಾಲ ನೋವ ಇದಕ್ಕ ಹೋಗೇತಿ ಅಂದಮ್ಯಾಲ ನಿನ್ನ ಹಲ್ಲಿಂದು ಏನು ಮಹಾ? ಮುಂಜಾನೆ ಒಂದು, ಸಂಜಿಗೆ ಒಂದು ತಗೋ."

ನೋವು ಹೋಯಿತು. ಮಂಜವ್ವನ ಮಾತು ಮರಳಿ ಬಂತು. ಪಟ್ಟಿ ಮುಗಿದಾಗ ಇನ್ನೊಂದು ಬಂತು. ಸಕ್ರಪ್ಪ, ಹೆಂಡತಿಗೆ ರೂಢಿಯಾಯಿತೆಂದು ಸಮಾಧಾನಪಟ್ಟರು.

ಕೆಲವು ತಿಂಗಳು ಬಿಟ್ಟು ಶ್ರೀಲಕ್ಷ್ಮೀ ಹಲ್ಲುಗಳ ನಡುವಿನ ಜಾಗ ಅಳೆದರು. ಮತ್ತೆ ಅಳೆದರು. ಸರಿಯಬೇಕಾದಷ್ಟು ಸರಿದಿರಲಿಲ್ಲ. ತಂತಿ ಸರಿಯಾಗಿದೆ, ಒಸಡು ಸರಿಯಾಗಿದೆ. ಬೇರೆ ಏನಾದರೂ ಔಷಧಿ ನಡೆದಿದೆಯೇ ಎಂದು ಕೇಳಿದಾಗ ಮಂಜವ್ವ ಸಂಕೋಚವಿಲ್ಲದೆ ಚೀಲದಿಂದ ಪಟ್ಟಿ ತೆಗೆದು ತೋರಿಸಿದರು.

"ಕಾಕು, ನೋವಿಗೆ ಗುಳಿಗಿ ತಗೋಬ್ಯಾಡ್ರಿ ಅಂತ ನಾ ಅನ್ನೂದಿಲ್ಲ. ತಂತಿ ಬಿಗದಾಗ ಎರಡು ದಿನ ನಾ ಬರದು ಕೊಟ್ಟದ್ದು ತಗೋರಿ. ಇದು ಬ್ಯಾರೆ ಥರದ್ದು. ಬಾವನ್ನ ಇಳಸ್ತದ. ತಿಂಗಳಗಟ್ಟಲೆ ನುಂಗಿದ್ರ ಹೊಟ್ಟಿಗೂ ಛಲೋ ಅಲ್ಲ, ಹಲ್ಲಿನ ಕೆಲಸನೂ ನಿಧಾನ ಮಾಡ್ತದ."

"ಅಂದ್ರ ನಾ ನೋವು ತಿನ್ನಬೇಕೇನು?" ಮಂಜವ್ವ ಕುರ್ಚಿಯಿಂದ ಎದ್ದೇಬಿಟ್ಟರು. "ಬ್ಯಾಡವಾ ತಾಯಿ. ತಗದುಬಿಡ್ರಿ ಈ ತಂತಿ. ಉಬ್ಬುಹಲ್ಲಿಲೆ ಹುಟ್ಟೀನಿ, ಉಬ್ಬುಹಲ್ಲಿಲೆ ಹೊಕ್ಕೀನಿ."

ಒಂದು ವಾರ ಯೋಚಿಸಿ ಬನ್ನಿ ಎಂದು ಶ್ರೀಲಕ್ಷ್ಮೀ ಕೈಹಿಡಿದು ಕಳಿಸಿದರು. ಸಕ್ರಪ್ಪನಿಗೆ ಸಿಟ್ಟಿಗಿಂತ ಬೇಸರ. ಔಷಧಿ ಕುಡಿದ ಇಲಿಗಳ ಗಾಜುಗಳಿಗೆ ತಾವೇ ಬಣ್ಣ ಹಾಕಿ ಜೋಡಿಸಿದ್ದರು, ಆದರೆ ಅದೇ ಸಂಗತಿ ತಮ್ಮ ಅಡುಗೆಮನೆಯಲ್ಲಿ ನಡೆಯುತ್ತಿರುವುದು ತಿಳಿಯಲಿಲ್ಲ. ಶನಿವಾರ ಊಟದ ಹೊತ್ತಿಗೆ ಒಂದೇ ಮಾತು ಹೇಳಿದರು. "ನಾಳೆ ಆಯತವಾರ. ತಂತಿ ತಗಸೂ ಮೊದಲ ಒಂದ್ಸಲ ನನ್ನ ಕೂಡ ಲ್ಯಾಬಿಗೆ ಬಾ."

ಮದುವೆಯಾಗಿ ಇಪ್ಪತ್ತೇಳು ವರ್ಷ. ಮಂಜವ್ವ ಒಮ್ಮೆಯೂ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಗಂಡ ದಿನಾ ಬಾಟಲಿಯೊಳಗಿನ ಮಾಂಸದ ಚೂರು ಮುಟ್ಟಿ ಬರುತ್ತಾರೆಂದು, ಬಂದ ಕೂಡಲೇ ಬಚ್ಚಲಿಗೆ ಕಳಿಸುವುದಷ್ಟೇ ಅವರಿಗೆ ಗೊತ್ತಿದ್ದ ಸಂಬಂಧ. ಆ ಬೆಳಿಗ್ಗೆ ಮೂಗಿಗೆ ಸೆರಗು ಹಿಡಿದೇ ಮೆಟ್ಟಿಲು ಹತ್ತಿದರು.

ಸಕ್ರಪ್ಪ ಸೂಕ್ಷ್ಮದರ್ಶಕದ ದೀಪ ಹಚ್ಚಿ, ಗಾಜಿಟ್ಟು, ಪಕ್ಕಕ್ಕೆ ಸರಿದರು.

"ಏನೂ ಇಲ್ಲ. ಕರ್ರಗ ಬ್ರಶ್ ಕಂಡಂಗ ಕಾಣ್ತೈತಿ."

"ಅದು ನಿನ್ನ ಕಣ್ಣ ರೆಪ್ಪಿ. ಜರಾ ಹಿಂದ ಸರಿ."

ಆಮೇಲೆ ಕಂಡಿತು. "ಯವ್ವಾ! ಇದೇನು ಸೀರಿ ಸೆರಗೇನ್ರಿ?"

ಗುಲಾಬಿ ಬಣ್ಣದ ಎಲುಬು, ಅದರ ಅಂಚಿಗೆ ಎಳೆ ಎಳೆಯಾದ ನಾರು, ನಡುವೆ ನೀಲಿ ಚುಕ್ಕಿಗಳು. ಕಣ್ಣಿಡಲು ಒಂದೇ ಕೊಳವೆಯಿರುವ ಹಳೆಯ ಸೂಕ್ಷ್ಮದರ್ಶಕ ಅದು. ಮಂಜವ್ವ ನೋಡುವಾಗ ಸಕ್ರಪ್ಪನಿಗೆ ಕಾಣುವುದಿಲ್ಲ. ಹಾಗಾಗಿ, "ಏನು ಕಾಣ್ತೈತಿ ಹೇಳು" ಎಂದು ಕೇಳುತ್ತ, ಗಾಜನ್ನು ಬೆರಳ ಅಂದಾಜಿನಲ್ಲಿ ಸರಿಸುತ್ತ ಹೋದರು.

"ಕೆಂಪ ಕೆಂಪ ಅದಾವು. ಕುಂಕುಮ ಚೆಲ್ಲಿದಂಗ. ಅವು ಕುಂತಲ್ಲೆ ಎಲುಬಿನ ಅಂಚು ಸವದೈತಿ. ಯಾರೋ ರೊಟ್ಟಿ ಕಚ್ಚಿ ಬಿಟ್ಟಂಗ."

"ಕಚ್ಚಿದವರು ಅವರಽ. ಹಲ್ಲಿಗೆ ದಾರಿ ಮಾಡಾಕತ್ತಾರ. ಈಗ ಹಲ್ಲಿನ ಹಿಂದ ನೋಡು."

"ಇಲ್ಲೆ ನೀಲಿ ಅದಾವು. ಸಾಲಾಗಿ ಕುಂತಾವು, ನಮ್ಮ ಸಾಲಿ ಹುಡುಗೂರು ಊಟಕ್ಕ ಕುಂತಂಗ!"

"ಅವರು ಹೊಸಾ ಎಲುಬು ಹಾಕೋರು."

ಸಕ್ರಪ್ಪ ಗಾಜು ಬದಲಿಸಿದರು. ಮಂಜವ್ವ ಬಹಳ ಹೊತ್ತು ಹುಡುಕಿದರು. "ಇದರಾಗ ಕೆಂಪಿನವರು ಎಲ್ಲಿ ಹೋದ್ರು? ಅಲ್ಲೊಂದು ಇಲ್ಲೊಂದು ಅಷ್ಟ ಅದಾವು."

"ಅದು ನಿಮ್ಮ ಮಮತಾನ ಗುಳಿಗಿಯಂಥಾದ್ದು ನುಂಗಿದ ಇಲಿ."

ಮಂಜವ್ವ ತಲೆ ಎತ್ತಲಿಲ್ಲ. ಕಣ್ಣು ಗಾಜಿನ ಮೇಲೆಯೇ ಇತ್ತು, ಹೆಗಲು ಮಾತ್ರ ಅಲುಗತೊಡಗಿತು. ಅಳುತ್ತಿದ್ದಾಳೆಂದು ಸಕ್ರಪ್ಪ ಗಾಬರಿಯಾದರು. ಅದು ನಗು. "ಅಯ್ಯ ಶಿವನ, ಕೆಲಸಕ್ಕ ಬಂದೋರನ್ನ ನಾನಽ ಹೊಳ್ಳಿ ಮನಿಗೆ ಕಳಿಸಾಕತ್ತಿದ್ದೆನಲ್ರಿ!" ಎಂದು ಬಾಯಿತುಂಬ ನಕ್ಕರು. ತಂತಿ ತುಟಿಗೆ ಚುಚ್ಚಿ "ಹಾ" ಎಂದು ಮತ್ತೆ ನಕ್ಕರು.

ನಗು ನಿಂತ ಮೇಲೆ ಕೇಳಿದರು. "ಇಷ್ಟು ಛಂದ ಕೆಲಸ ಮಾಡ್ತೀರಿ. ಒಂದಿನಾನೂ ಯಾಕ ಹೇಳಲಿಲ್ಲ?"

"ನೀ ಬಚ್ಚಲಕ್ಕ ಕಳಸ್ತಿದ್ದೆಲ್ಲ, ಯಾವಾಗ ಹೇಳ್ಲಿ?"

ಅಂದು ಮಂಜವ್ವ ಮಧ್ಯಾಹ್ನದವರೆಗೆ ಅಲ್ಲಿಂದ ಏಳಲಿಲ್ಲ. ಚರ್ಮ ನೋಡಿದರು, ಒಸಡು ನೋಡಿದರು. ಒಂದೊಂದಕ್ಕೂ ಒಂದೊಂದು ಸೀರೆಯ ಹೆಸರಿಟ್ಟರು.

ಗುಳಿಗೆಯ ಪಟ್ಟಿ ಲಕ್ಷ್ಮೇಶ್ವರಕ್ಕೆ ಮರಳಿತು. ನೋವು ಬಂದರೆ ಮಂಜವ್ವ ಈಗ, "ಬಂದಾರ ನೋಡ್ರಿ ನನ್ನ ಕೆಂಪಿನವರು" ಎನ್ನುತ್ತಿದ್ದರು. ಶ್ರೀಲಕ್ಷ್ಮೀ ಅದನ್ನೂ ತಿದ್ದಿದರು. ನೋವು ಜಾಸ್ತಿಯಾದರೆ ಹಲ್ಲು ಜಾಸ್ತಿ ಸರಿಯುತ್ತದೆ ಎಂದಲ್ಲ. ಅತಿಯಾಗಿ ಒತ್ತಿದರೆ ಅಲ್ಲಿ ರಕ್ತವೇ ನಿಂತು ಕೆಲಸ ಕೆಡುತ್ತದೆ. ನೋವು ಹೋದ ಮೇಲೂ ಒಳಗೆ ಕೆಲಸ ನಡೆದೇ ಇರುತ್ತದೆ. "ಸುಮ್ಮನ ಮಾಡೋರು ಅಂದ್ರ ನಮ್ಮ ಮನಿಯವರಂಗ," ಎಂದರಂತೆ ಮಂಜವ್ವ.

ಶಾಲೆಯಲ್ಲಿ ಮಕ್ಕಳಿಗೆ ಹಬ್ಬ. ವೀರು ಎಂಬ ಮೂರನೇ ಇಯತ್ತೆಯ ತುಂಟ ತಾಟು ಹಿಡಿದು ನಿಂತವನೇ ಕೂಗಿದ, "ಅಡಿಗಿ ಅಕ್ಕಾರ, ನಿಮ್ಮ ಬಾಯಾಗ ರೈಲಿನ ಹಳಿ! ಹುಬ್ಬಳ್ಳಿಗೆ ಹೊಕ್ಕೈತೋ ಹೊಸಪೇಟಿಗೋ?"

"ಎಲ್ಲಿಗೂ ಹೋಗೂದಿಲ್ಲಲೇ, ರಿವರ್ಸ್ ಹೊಕ್ಕೈತಿ!" ಎಂದರು ಮಂಜವ್ವ. ಸಾಲಿಗೆ ಸಾಲೇ ನಕ್ಕಿತು.

ಖರೇನೇ ಹಿಂದೆ ಹೋಯಿತು. ಅವಸರವಿಲ್ಲದೆ, ಎರಡು ವರ್ಷಕ್ಕೂ ಮಿಕ್ಕಿ ಸಮಯ ತೆಗೆದುಕೊಂಡು, ಮುಂದಿನ ಹಲ್ಲುಗಳು ತುಟಿಯ ಒಳಗೆ ಬಂದು ಕೂತವು. ಅಂಗುಳದ ಹುಣ್ಣು ಮಾಯವಾಯಿತು. ಕಳೆದ ಶ್ರಾವಣದಲ್ಲಿ ತಂತಿ ತೆಗೆದ ದಿನ ಮಂಜವ್ವ ನಾಲಿಗೆಯಿಂದ ಹಲ್ಲನ್ನು ಮುಟ್ಟಿ ಮುಟ್ಟಿ ನೋಡಿ, "ಯಾರದೋ ಬಾಯಿ ಇಟ್ಟಂಗೈತಿ" ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದರು. ಸಂಜೆ ಎಳ್ಳು ಹಚ್ಚಿದ ಕಡಕ್ ಸಜ್ಜೆ ರೊಟ್ಟಿಯನ್ನು ಕೆಂಪು ಖಾರದ ಜೊತೆ ಕಚ್ಚಿ ತಿಂದರು. ಸಕ್ರಪ್ಪ ಎದುರಿಗೆ ಕೂತು ಆ ಸದ್ದು ಕೇಳಿದರು. "ಕಟಕ್ ಅಂತಿತ್ರಿ. ಅಂಥಾ ಸಪ್ಪಳ ನಾ ಕೇಳಿದ್ದಿಲ್ಲ."

ಹೊಸ ಎಲುಬು ಇನ್ನೂ ಎಳೆಯದು, ಬಿಟ್ಟರೆ ಹಲ್ಲು ಹಳೆಯ ಜಾಗಕ್ಕೆ ಓಡೀತೆಂದು, ಮಲಗುವಾಗ ಹಾಕಿಕೊಳ್ಳಲು ಒಂದು ತೆಳುವಾದ ಅಚ್ಚು ಕೊಟ್ಟಿದ್ದಾರೆ. ಮಂಜವ್ವ ಅದನ್ನು ಬೆಳ್ಳಿಯ ಕುಂಕುಮ ಭರಣಿಯ ಪಕ್ಕದಲ್ಲಿಟ್ಟಿದ್ದಾರೆ. ಲಕ್ಷ್ಮೇಶ್ವರದಲ್ಲಿ ತಂಗಿಯ ಹೊಸ ಮನೆಯ ಪ್ರವೇಶಕ್ಕೆ ತೆಗೆದ ಫೋಟೊದಲ್ಲಿ ಎಲ್ಲರಿಗಿಂತ ದೊಡ್ಡ ನಗು ಅವರದೇ. ಮಮತಾ, "ಅಕ್ಕಾ, ನಿನ್ನ ಬಾಯಾಗ ಇಷ್ಟು ಹಲ್ಲ ಇದ್ದದ್ದು ನನಗಽ ಗೊತ್ತಿದ್ದಿಲ್ಲ" ಎಂದು ಅಳುತ್ತ ನಕ್ಕರಂತೆ.

ಈಗ ಶ್ರೀಲಕ್ಷ್ಮೀಯವರ ದವಾಖಾನೆಯಲ್ಲಿ ಯಾರಾದರೂ ನೋವಿಗೆ ಹೆದರಿ ತಂತಿ ಬೇಡವೆಂದರೆ ಮಂಜವ್ವನಿಗೆ ಫೋನ್ ಬರುತ್ತದೆ. ಮೊನ್ನೆ ಶಿರಹಟ್ಟಿಯ ಶಿಕ್ಷಕಿ ವನಿತಾ ಕಣ್ಣೀರು ಹಾಕುತ್ತ ಕೂತಿದ್ದರು. ಮಂಜವ್ವ ಶಾಲೆಯ ಪಾತ್ರೆ ತೊಳೆದಿಟ್ಟು ಹೋಗಿ, ಅವರ ಕೈಹಿಡಿದು ನೇರ ಈ ಮಹಡಿ ಹತ್ತಿಸಿದರು. "ನಮ್ಮ ಮನಿಯವರು ತೋರಸ್ತಾರ ನೋಡ್ರಿ. ಅವರ ಹಂಗ ಬಣ್ಣ ಹಾಕವರು ಈ ಜಿಲ್ಲಾದಾಗ ಯಾರೂ ಇಲ್ಲ." ಸಕ್ರಪ್ಪ ನಾಚಿ ಗಾಜು ಒರೆಸುವ ನೆಪ ಮಾಡಿದರಂತೆ. ವನಿತಾ ತಂತಿ ಉಳಿಸಿಕೊಂಡಿದ್ದಾರೆ.

ನಾನು ಹೊರಡುವ ಹೊತ್ತಿಗೆ ಬಿಸಿಲು ಮೇಜಿನ ಮೇಲೆ ಬಂದಿದೆ, ಬರ್ಫ ಕರಗಿದೆ, ಗಾಜುಗಳು ಬಣ್ಣದ ಸರದಿಗೆ ಕಾದಿವೆ. ಮಂಜವ್ವ ಗಂಡನಿಗೆ ಬುತ್ತಿ ತಂದಿದ್ದಾರೆ. ಬುತ್ತಿ ಇಟ್ಟವರು ಹೋಗುವ ಲಕ್ಷಣವಿಲ್ಲ, ಸೂಕ್ಷ್ಮದರ್ಶಕದ ಮುಂದಿನ ಸ್ಟೂಲು ಎಳೆದುಕೊಂಡು ಆಗಲೇ ಕೂತಿದ್ದಾರೆ. ಇಷ್ಟು ವರ್ಷ ದುಡಿದ ನಿಮಗೆ ಏನಾದರೂ ಬೇಕೆನ್ನಿಸುತ್ತದೆಯೇ ಎಂದು ಸಕ್ರಪ್ಪನನ್ನು ಕೇಳಿದೆ.

ಅವರು ಬೆರಳ ಕಲೆ ಒರೆಸಿಕೊಳ್ಳುತ್ತ ಯೋಚಿಸಿದರು. "ದೊಡ್ಡ ಕಾಲೇಜಿನ್ಯಾಗ ಒಂದು ಥರದ ಮೈಕ್ರೋಸ್ಕೋಪ್ ಇರ್ತೈತಂತ್ರಿ. ಇಬ್ಬರಿಗೆ ನೋಡಾಕ ಎರಡು ಕಡೆ ಜಾಗಾ. ಅಂಥಾದ್ದೊಂದು ಬಂದ್ರ ಈ ಕಡಿಂದ ನಾನು, ಆ ಕಡಿಂದ ಆಕಿ. ಒಂದಽ ಗಾಜು, ಕೂಡೇ ನೋಡಬಹುದಿತ್ತು."

ಮಂಜವ್ವ ಗಾಜಿನಿಂದ ಕಣ್ಣು ತೆಗೆಯದೆಯೇ ಹೇಳಿದರು, "ಅದು ಬರೂತನಾ ನಾ ನೋಡಿ ಹೇಳ್ತೀನಿ, ನೀವು ಕೇಳ್ರಿ."

ಸಕ್ರಪ್ಪ ಆಗಲೇ ಪಕ್ಕದಲ್ಲಿ ನಿಂತು ಕೇಳುತ್ತಿದ್ದಾರೆ.